ಚೆಂಡಿಲ್ಲದವನ ಮೇಲೊಂದು ಕಣ್ಣು

ಬೆಳಗಿನ ಐದೂ ಮುಕ್ಕಾಲು. ಲೂಪ್ ನದಿಯ ಮರಳು ದಿಬ್ಬಗಳ ಮೇಲೆ ತಂಗಿದ್ದ ಕೊಕ್ಕರೆಗಳು ಆಗಲೇ ಎದ್ದು ಗದ್ದಲ ಹಚ್ಚಿವೆ. ಕಾಲೇಜು ಮೈದಾನದ ಅಂಚಿನಲ್ಲಿ ಕಬ್ಬಿಣದ ಅಟ್ಟವೊಂದು ಕಿರ್ರೆನ್ನುತ್ತ ಮೇಲೇರಿ ಮೂವತ್ತು ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಅದರ ಮೇಲೆ ಒಂದು ಕ್ಯಾಮೆರಾ, ಒಂದು ಫ್ಲಾಸ್ಕು, ಮತ್ತು ಅರವತ್ತಮೂರು ವರ್ಷದ ಲೈಲ್ ಹೊರಾಚೆಕ್. ಏಪ್ರಿಲ್ ಬಂದಿದ್ದರೂ ನೆಬ್ರಾಸ್ಕಾದ ಗಾಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಲೈಲ್ ಎರಡು ಜೊತೆ ಕಾಲುಚೀಲ ಏರಿಸಿದ್ದಾರೆ, ಟೋಪಿಯನ್ನು ಕಿವಿಯ ಕೆಳಗಿನವರೆಗೂ ಎಳೆದುಕೊಂಡಿದ್ದಾರೆ, ಉಣ್ಣೆಯ ಕೈಗವಸಿನ ಬೆರಳ ತುದಿಗಳನ್ನು ಕತ್ತರಿಸಿ ಬಿಸಾಕಿದ್ದಾರೆ. ಗುಂಡಿ ಒತ್ತಲು ಬೆರಳು ಬೇಕಲ್ಲ.

ಕೆಳಗೆ ಲೂಪ್ ಬೆಂಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ತೊಂಬತ್ತು ಹುಡುಗರು ಆಕಳಿಸುತ್ತ ಮೈದಾನಕ್ಕಿಳಿಯುತ್ತಿದ್ದಾರೆ. ಬೇಲಿಯಾಚೆ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತ ನೋಡುವ ಊರ ಹಿರಿಯರು ನಾಲ್ಕೈದು ಜನ ಆಗಲೇ ಬಂದಿದ್ದಾರೆ. ಅವರೆಲ್ಲರ ಕಣ್ಣೂ ಚೆಂಡಿನ ಮೇಲೆ. ಅವರನ್ನೇನು ಅನ್ನುವುದು ಪಾಪ, ಆಟ ನೋಡುವುದೆಂದರೆ ಚೆಂಡು ನೋಡುವುದೆಂದೇ ಲೋಕ ನಂಬಿಕೊಂಡಿದೆ. ಲೈಲ್ ಒಬ್ಬರೇ ಚೆಂಡು ನೋಡುವುದಿಲ್ಲ.

"ಚೆಂಡು ಎಲ್ಲಿಗೂ ಓಡಿಹೋಗಲ್ಲ ಬಿಡಿ, ಯಾರೋ ಒಬ್ಬ ಹಿಡ್ಕೊಂಡೇ ಇರ್ತಾನೆ" ಎನ್ನುತ್ತಾರೆ ಅವರು, ಈ ಲೇಖನಕ್ಕೆಂದು ಮಾತಾಡಿಸಿದಾಗ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಚೆಂಡು ತನಗೆ ಬರಲ್ಲ ಅಂತ ಗೊತ್ತಾದಾಗ ಓಟಗಾರ ಏನು ಮಾಡ್ತಾನೆ? ಅವನ ಯೋಗ್ಯತೆ ಗೊತ್ತಾಗೋದು ಅಲ್ಲಿ."

ಓಟಗಾರ ಎಂದರೆ ರನ್ನಿಂಗ್ ಬ್ಯಾಕ್. ಚೆಂಡನ್ನು ಪಕ್ಕೆಗೊತ್ತಿ ಹಿಡಿದು, ಎದುರಿನ ಹನ್ನೊಂದು ಜನರ ನಡುವೆ ತೂರಿ ಓಡುವವನು. ಓಡಿದಾಗ ಊರೆಲ್ಲ ಎದ್ದು ಕೂಗುತ್ತದೆ. ಆದರೆ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯಲು ನಿಂತಾಗ, ಅವನ ಮೇಲೆ ನುಗ್ಗಿ ಬರುವ ಧಡಿಯನಿಗೆ ಅಡ್ಡ ಹೋಗಿ ಎದೆ ಕೊಡಬೇಕಾದವನೂ ಇದೇ ಓಟಗಾರ. ಆ ಕೆಲಸಕ್ಕೆ ಚಪ್ಪಾಳೆಯಿಲ್ಲ, ಪತ್ರಿಕೆಯಲ್ಲಿ ಸಾಲಿಲ್ಲ. ಅದನ್ನು ಕಾಣುವುದಕ್ಕೆಂದು ಇಪ್ಪತ್ತೇಳು ವರ್ಷಗಳಿಂದ ಈ ಅಟ್ಟ ಏರುತ್ತಿರುವವರು ಲೈಲ್ ಒಬ್ಬರೇ.

ಎಂಟು ಗಂಟೆಗೆ ಅಟ್ಟ ಇಳಿದು ಅವರು ವ್ಯಾಯಾಮ ಶಾಲೆಯ ನೆಲಮಾಳಿಗೆಗೆ ಹೋಗುತ್ತಾರೆ. ಕಿಟಕಿಯಿಲ್ಲದ ಕೋಣೆ. ಎರಡು ಪರದೆ, ಹಳದಿ ಹಾಳೆಗಳ ಪುಸ್ತಕ, ಒಂದು ಡಬ್ಬಿ ತುಂಬ ಪೆನ್ಸಿಲು, ಎರಡು ಕುರ್ಚಿ. ಒಂದರ ಮೇಲೆ ಲೈಲ್. ಇನ್ನೊಂದರ ಮೇಲೆ ಹಳೇ ಟೇಪುಗಳ ರಟ್ಟಿನ ಪೆಟ್ಟಿಗೆಗಳು, ಸೂರಿಗೆ ಒಂದು ಮೊಳ ಬಾಕಿ. ಆ ಕುರ್ಚಿಯನ್ನು ಮೊದಲ ವರ್ಷ ಕೋಚ್‌ಗಳು ಬಂದು ಕೂರಲಿ ಎಂದು ತರಿಸಿದ್ದಂತೆ. ಯಾರೂ ಬರಲಿಲ್ಲ. ಪೆಟ್ಟಿಗೆಗಳು ಬಂದವು.

ಒಂದು ಬೆಳಗಿನ ಅಭ್ಯಾಸದಲ್ಲಿ ಸುಮಾರು ನೂರಹತ್ತು ಸುತ್ತು. ಚೆಂಡು ಕದಲಿ ಮತ್ತೆ ನಿಲ್ಲುವವರೆಗೆ ಒಂದು ಸುತ್ತು, ಆರೇಳು ಸೆಕೆಂಡು. ಪ್ರತಿಯೊಂದನ್ನೂ ಕನಿಷ್ಠ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ನೋಡಿ, ಓಟಗಾರನಿಗೆ ಮೂರು ಅಂಕ ಹಾಕುತ್ತಾರೆ: ಮೊದಲ ಹೆಜ್ಜೆಗೆ, ಚೆಂಡಿನ ಹಿಡಿತಕ್ಕೆ, ಚೆಂಡಿಲ್ಲದಾಗಿನ ಕೆಲಸಕ್ಕೆ. ಸೊನ್ನೆ, ಒಂದು, ಎರಡು, ಅಷ್ಟೇ. ಶರತ್ಕಾಲದ ಹನ್ನೊಂದು ಪಂದ್ಯ, ವಸಂತದ ಹದಿನೈದು ಅಭ್ಯಾಸ, ಎಲ್ಲ ಸೇರಿ ವರ್ಷಕ್ಕೊಂದು ಹಳದಿ ಪುಸ್ತಕ. ಮುಂದಿನ ಋತುವಿಗೆ ಯಾವ ಓಟಗಾರ ಮೊದಲು, ಯಾವನು ಬದಲಿ, ಯಾವನು ಬೇಡ ಎಂದು ಕೋಚ್ ತೀರ್ಮಾನಿಸುವುದು ಆ ಪುಸ್ತಕದ ಕೊನೆಯ ಪುಟ ನೋಡಿ. ಬರೆದವರು ಯಾರೆಂದು ಓಟಗಾರರಿಗೆ ಗೊತ್ತಿಲ್ಲ. ಅರ್ಧ ಜನಕ್ಕೆ ಅಂಥದ್ದೊಂದು ಪುಸ್ತಕವಿದೆ ಎಂಬುದೂ ತಿಳಿಯದು.

ಲೈಲ್ ಒಂದು ದಿನವೂ ಫುಟ್‌ಬಾಲ್ ಆಡಿದವರಲ್ಲ. ಊರಿನ ಟೀವಿ ರಿಪೇರಿ ಅಂಗಡಿಯಲ್ಲಿದ್ದರು. ಕಾಲೇಜಿನ ಕ್ಯಾಮೆರಾ ಕೆಟ್ಟಾಗ ಸರಿಮಾಡಲು ಬಂದವರು ಅಲ್ಲೇ ಉಳಿದರು. ಆಗಿನ ಕೋಚ್ ಅವರ ಹೆಗಲ ಮೇಲೆ ಕೈಯಿಟ್ಟು, "ಚೆಂಡು ನೋಡೋಕೆ ಊರೇ ಇದೆ. ನೀನು ಚೆಂಡಿಲ್ಲದವನ್ನ ನೋಡು" ಎಂದರಂತೆ. ಆ ಕೋಚ್ ಹೋಗಿ ಆರು ಕೋಚ್‌ಗಳು ಬದಲಾದರು. ಲೈಲ್ ಮಾತ್ರ ಅದನ್ನೇ ನೋಡುತ್ತ ಕೂತಿದ್ದಾರೆ.

ಮದುವೆಯಾಗಲಿಲ್ಲ. ಜಾಯ್ಸ್ ಎಂಬ ಹೆಣ್ಣುಮಗಳೊಬ್ಬಳು ಪೋಲ್ಕಾ ಕುಣಿತಕ್ಕೆ ಕರೆದಿದ್ದಳು, ಎರಡು ವರ್ಷ ಬಿಡದೆ ಕರೆದಳು. "ಕುಣಿತ ಇರ್ತಿದ್ದದ್ದು ಶನಿವಾರ. ಆಟ ಇರ್ತಿದ್ದದ್ದೂ ಶನಿವಾರ. ನನ್ನ ಹತ್ರ ಶನಿವಾರ ಅನ್ನೋದು ಯಾವತ್ತೂ ಇರ್ಲಿಲ್ಲ ನೋಡಿ. ಅವಳು ಎಷ್ಟು ದಿನ ಅಂತ ಕಾಯ್ತಾಳೆ?" ಎಂದು ಹೇಳಿ ಲೈಲ್ ಪೆನ್ಸಿಲಿನ ಮೊನೆ ನೋಡುತ್ತಾರೆ. ಮೊನೆ ಚೂಪಾಗಿಯೇ ಇದೆ. ಆದರೂ ಇನ್ನೊಂದು ಸಲ ಹೆರೆಯುತ್ತಾರೆ.

ಇಷ್ಟು ವರ್ಷ ಮೇಲಿನಿಂದ ನೋಡಿದವರಿಗೆ ಜನರ ಮುಖ ನೆನಪಿರುವುದಿಲ್ಲ, ನಡಿಗೆ ನೆನಪಿರುತ್ತದೆ. ಹೋದ ಚಳಿಗಾಲದಲ್ಲಿ ದಿನಸಿ ಅಂಗಡಿಯಲ್ಲಿ ಬೊಜ್ಜು ಬಂದ ಗಂಡಸೊಬ್ಬ ಮಗಳ ಕೈಹಿಡಿದು ಹೋಗುತ್ತಿದ್ದುದನ್ನು ಹಿಂದಿನಿಂದ ಕಂಡು ಲೈಲ್‌ಗೆ ಎಲ್ಲಿಲ್ಲದ ಸಂತೋಷವಾಯಿತು. ಇಪ್ಪತ್ತು ವರ್ಷದ ಹಿಂದಿನ ನಲವತ್ತೊಂದನೇ ನಂಬರಿನ ಓಟಗಾರ! ಓಡಿಹೋಗಿ, "ನೀವು ಬಲಕ್ಕೆ ತಿರುಗೋ ಮುಂಚೆ ಎಡಪಾದ ಒಳಕ್ಕೆ ತಿರುಗಿಸ್ತೀರಿ, ಈಗಲೂ ಹಂಗೇ ಮಾಡಿದ್ರಿ!" ಎಂದರು. ಆತ ಲೈಲ್‌ರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು, ಬೇರೆ ಸಾಲಿಗೆ ಹೊರಟುಹೋದ.

"ನಾಲ್ಕು ವರ್ಷ ಅವನ ಜೊತೆ ಇದ್ದೆ ಅಂತ ನನ್ನ ಲೆಕ್ಕ. ಅವನ ಲೆಕ್ಕದಲ್ಲಿ ನಾನು ಇರ್ಲೇ ಇಲ್ಲ" ಎಂದು ಲೈಲ್ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಲೈಲ್ ಮಾತಾಡುವುದು ಮಾರ್ಲಿಸ್ ಎಕ್‌ಡಾಲ್ ಒಬ್ಬರ ಜೊತೆ, ಅಥವಾ ಲೈಲ್ ಜೊತೆ ಮಾತಾಡುವವರು ಅವರೊಬ್ಬರೇ. ಪಕ್ಕದ ಕೋಣೆಯಲ್ಲಿ ತಂಡದ ಬಟ್ಟೆ ಒಗೆದು, ಹೊಲಿದು, ಒಪ್ಪ ಮಾಡುವ ಹೆಂಗಸು. ಬಾಯಿ ಜೋರು, ಕೈ ಇನ್ನೂ ಜೋರು. ದಿನಾ ಎಂಟೂವರೆಗೆ ಎಲೆಕೋಸು, ಮಾಂಸ ತುಂಬಿದ ಬನ್ನೊಂದನ್ನು ತಂದು ಲೈಲ್ ಮೇಜಿನ ಮೇಲೆ ಕುಕ್ಕುತ್ತಾರೆ.

"ಇಳೀತಾ ಹದ್ದು?" ಇವತ್ತು, ಮಂಗಳವಾರವೂ ಹಾಗೇ ಶುರು. "ಇವತ್ತಾದ್ರೂ ಯಾರದಾದ್ರೂ ಮುಖ ನೋಡಿದ್ಯೋ, ಇಲ್ಲ ಬರೀ ನೆತ್ತಿನೋ?"

"ನಿನ್ನ ಮುಖ ನೋಡ್ತಿದ್ದೀನಲ್ಲ, ಸಾಕು."

"ಅಯ್ಯೋ, ಮಾತು ಬಂತು ನೋಡಪ್ಪಾ! ತಿನ್ನು, ತಣ್ಣಗಾಗುತ್ತೆ."

ಈ ವಸಂತದಲ್ಲಿ ತೀರ್ಮಾನವಾಗಬೇಕಾದದ್ದು ಮೂವರು ಓಟಗಾರರ ಹಣೆಬರಹ. ಹೊಸ ಕೋಚ್ ಡಾರ್ನೆಲ್ ಪ್ರುಯಿಟ್ ಜನವರಿಯಲ್ಲಿ ಬಂದವರು. ಅವರು ಇಬ್ಬರನ್ನೇ ಉಳಿಸಿಕೊಳ್ಳುತ್ತಾರಂತೆ. ಮೂರನೆಯವನನ್ನು ಶುಕ್ರವಾರ ಕೋಣೆಗೆ ಕರೆದು, ಬೇರೆ ಕಾಲೇಜು ನೋಡಿಕೋ ಎಂದು ಹೇಳುತ್ತಾರೆ. ಹಾಗೆಂದರೆ ವಿದ್ಯಾರ್ಥಿವೇತನವೂ ಹೋಯಿತು, ಬಹುಶಃ ಓದೂ ಹೋಯಿತು. ಲೈಲ್ ತಮ್ಮ ಕೊನೆಯ ಪುಟವನ್ನು ಹೋದ ವಾರವೇ ಕೋಚ್ ಬಾಗಿಲ ಸಂದಿಯಲ್ಲಿ ತೂರಿಸಿ ಬಂದಿದ್ದಾರೆ.

"ಐದನೇ ನಂಬರ್ ರೂಬೆನ್ ಸಲಾಸ್. ಆ ಹುಡುಗನ ಓಟ ನೋಡ್ತಾ ಇದ್ರೆ ಚಳಿ ಮರೆತುಹೋಗುತ್ತೆ. ಆದ್ರೆ ಚೆಂಡನ್ನ ಅಂಗಡಿಯಿಂದ ಬ್ರೆಡ್ಡು ತರೋ ಹಂಗೆ ಹಿಡ್ಕೋತಾನೆ. ಮಳೆ ಬಂದ್ರೆ ಬೀಳಿಸ್ತಾನೆ, ತಿದ್ದಬಹುದು. ಮೂವತ್ತನಾಲ್ಕು ಕೋಡಿ ರೆಂಪೆ. ಇದೇ ಊರಿನವನು. ಗೂಳಿ. ಎರಡು ಗಜ ಬೇಕು ಅಂದ್ರೆ ಎರಡೂವರೆ ಗಜ ತರ್ತಾನೆ. ಅಕ್ಕಪಕ್ಕ ನೋಡೋ ಅಭ್ಯಾಸ ಇಲ್ಲ. ಆದ್ರೆ ಅಕ್ಟೋಬರ್‌ನಲ್ಲಿ ವಾಲ್‌ಬರ್ಗ್ ಕಾಲೇಜಿನ ಮೇಲೆ ಆಡ್ದಾಗ ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡ ನಿಂತ ನೋಡಿ, ಅಬ್ಬಾ! ಮೂವತ್ತೊಂದು ಸುತ್ತು, ಒಂದೇ ಒಂದು ಸಲ ತಪ್ಪಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನು ಹಾಕಿದ ಅತಿ ಹೆಚ್ಚಿನ ಅಂಕ ಅದು."

ಮೂರನೆಯವನು ಇಪ್ಪತ್ತೆರಡನೇ ನಂಬರಿನ ಎಮೆಟ್ ಸ್ಲೋನ್. ರಾಜ್ಯದ ಪಡುವಣ ತುದಿಯ ಬೀಟ್ ಸಕ್ಕರೆ ಕಾರ್ಖಾನೆಯ ಊರಿನವನು. ಬಸ್ಸಿನಲ್ಲಿ ಒಂದು ಹಗಲು ಬೇಕು. ಅವನ ಆಟ ನೋಡಲು ಮನೆಯವರು ಯಾರೂ ಬಂದದ್ದಿಲ್ಲ.

"ಅವನು ನನಗೆ ಇಷ್ಟ" ಎನ್ನುತ್ತಾರೆ ಲೈಲ್, ತಪ್ಪು ಒಪ್ಪಿಕೊಂಡವರ ಹಾಗೆ. "ಸುತ್ತು ಮುಗಿದು ಎದ್ದ ತಕ್ಷಣ ಎಲ್ಲರೂ ಬೆಂಚಿನ ಕಡೆ ನೋಡ್ತಾರೆ, ಇಲ್ಲ ಜನರ ಕಡೆ ನೋಡ್ತಾರೆ. ಇವನು ಹಿಂದಕ್ಕೆ ತಿರುಗಿ ಕ್ವಾರ್ಟರ್‌ಬ್ಯಾಕ್ ನಿಂತಿದ್ದಾನೋ ಬಿದ್ದಿದ್ದಾನೋ ಅಂತ ನೋಡ್ತಾನೆ. ಆದ್ರೆ ವಾಲ್‌ಬರ್ಗ್ ಆಟದಲ್ಲಿ ದ್ವಿತೀಯಾರ್ಧ ಪೂರ್ತಿ ಕಾಣ್ಲೇ ಇಲ್ಲ. ಇಷ್ಟ ಅಂತ ಅಂಕ ಹಾಕೋಕಾಗುತ್ತಾ?"

ಕೊನೆಯ ಪುಟದಲ್ಲಿ ಸ್ಲೋನ್ ಹೆಸರಿನ ಮುಂದೆ ಲೈಲ್ ಬರೆದ ಸಾಲು ಇದು: 'ಆಟ ಕಠಿಣವಾದಾಗ ಕಾಣೆಯಾಗುತ್ತಾನೆ.'

ಮಾರ್ಲಿಸ್ ಅಷ್ಟು ಹೊತ್ತು ಪಕ್ಕದ ಕೋಣೆಯಲ್ಲಿ ಹಳೇ ಜರ್ಸಿಗಳನ್ನು ವಿಂಗಡಿಸುತ್ತಿದ್ದರು. ವಾಲ್‌ಬರ್ಗ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಒಂದು ಜರ್ಸಿ ಹಿಡಿದು ಬಾಗಿಲಿಗೆ ಬಂದರು. ಇಪ್ಪತ್ತೆರಡನೇ ನಂಬರು. ಎದೆಯ ಮೇಲೆ ಅಂಗೈಯಗಲ ಕಂದು ಕಲೆ.

"ಆ ಊರಿನ ಸುದ್ದಿ ಎತ್ತಬೇಡ ಮಾರಾಯ. ಈ ರಕ್ತ ತೆಗೆಯೋಕೆ ಮೂರು ಸಲ ನೆನೆಹಾಕಿದೀನಿ, ಹೋಗ್ಲಿಲ್ಲ. ಆ ಸ್ಲೋನ್ ಹುಡುಗನ ಮೂಗು ನಲ್ಲಿ ಬಿಟ್ಟಂಗೆ ಸುರೀತಿತ್ತು."

"ಸ್ಲೋನ್ ಮೂಗಾ? ಯಾವಾಗ?"

"ಮಧ್ಯದ ವಿರಾಮಕ್ಕೆ ಸ್ವಲ್ಪ ಮುಂಚೆ. ರಕ್ತ ಹತ್ತಿದ ಅಂಗಿ ಹಾಕ್ಕೊಂಡು ಆಡೋ ಹಂಗಿಲ್ವಲ್ಲ, ಬದಲಾಯಿಸ್ಬೇಕು. ಬದಲಿ ಅಂಗಿ ಪೆಟ್ಟಿಗೆ ಎಲ್ಲಿ? ಇಲ್ಲಿ! ನನ್ನ ಹೊಲಿಗೆ ಮೇಜಿನ ಕೆಳಗೆ! ಬಸ್ಸಿಗೆ ಹಾಕೋದು ಮರೆತೇ ಹೋಗಿತ್ತು ನನಗೆ. ಯಾರಿಗೂ ಹೇಳಿಲ್ಲ, ನೀನೂ ಹೇಳ್ಬೇಡ. ಪುಣ್ಯಕ್ಕೆ ಆ ರೆಂಪೆಗೆ ಕಾಲು ಉಳುಕಿತ್ತು, ಐಸು ಇಟ್ಕೊಂಡು ಕೂತಿದ್ದ. ಅವನ ಅಂಗಿ ಬಿಚ್ಚಿಸಿ ಇವನಿಗೆ ತೊಡಿಸ್ದೆ. ರೆಫರಿಗೆ ಹೇಳಿ ಒಪ್ಪಿಸಿದ್ದೂ ಆಯ್ತು. ಯಾಕೆ, ಮುಖ ಯಾಕೆ ಹಂಗಾಯ್ತು?"

ಲೈಲ್ ತಿನ್ನುವುದನ್ನು ನಿಲ್ಲಿಸಿದರು. ಬನ್ನು ಕೈಯಲ್ಲೇ ಉಳಿಯಿತು.

ಆ ದಿನ ಅವರು ವಾಲ್‌ಬರ್ಗ್ ಕ್ರೀಡಾಂಗಣದ ಸೂರಿನ ಮೇಲೆ ಕ್ಯಾಮೆರಾ ಹಿಡಿದು ಕೂತಿದ್ದರು. ಕೆಳಗೆ ಬಟ್ಟೆ ಬದಲಾದದ್ದು ಅಲ್ಲಿಗೆ ಯಾರು ಹೇಳಬೇಕು? ಓಟಗಾರರ ಹೊಣೆ ಹೊತ್ತಿದ್ದ ಸಹಾಯಕ ಕೋಚ್‌ಗೆ ಗೊತ್ತಿತ್ತು. ಆತ ಡಿಸೆಂಬರಿನಲ್ಲಿ ಟೆಕ್ಸಾಸ್‌ಗೆ ಹೊರಟುಹೋದ, ಹಳೇ ಕೋಚ್ ಅದಕ್ಕಿಂತ ಮೊದಲೇ ಹೋಗಿದ್ದರು. ಹುಡುಗರು ಅಂಕ ನೋಡುವುದಿಲ್ಲ. ದ್ವಿತೀಯಾರ್ಧದಲ್ಲಿ ತಂಡ ಹಿಂದಿತ್ತು, ಬರೀ ಎಸೆತದ ಆಟ. ಓಟಗಾರನ ಕೆಲಸವೆಲ್ಲ ಅಡ್ಡ ನಿಲ್ಲುವುದೇ, ಹಾಗಾಗಿ ಪತ್ರಿಕೆಯವರೂ ಒಂದಕ್ಷರ ಬರೆಯಲಿಲ್ಲ. ಆ ಮೂವತ್ತೊಂದು ಸುತ್ತಿಗೆ ಜಗತ್ತಿನಲ್ಲಿದ್ದ ಸಾಕ್ಷಿ ಲೈಲ್ ಒಬ್ಬರೇ. ಆ ಸಾಕ್ಷಿಯೇ ಬೇರೆಯವನ ಹೆಸರು ಹೇಳಿಬಿಟ್ಟಿದೆ.

ಅವರು ಅಕ್ಟೋಬರಿನ ಹಳದಿ ಹಾಳೆ ತೆಗೆದು ದೀಪದ ಕೆಳಗೆ ಹಿಡಿಯುತ್ತಾರೆ. ರೆಂಪೆಯ ಅಂಕಗಳ ಪಕ್ಕದಲ್ಲಿ ಒಂದು ಕಡೆ ಕಾಗದ ಸವೆದಿದೆ. ಏನನ್ನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತು. ಓರೆಯಾಗಿ ಹಿಡಿದರೆ ಅಕ್ಷರಗಳ ಒತ್ತು ಇನ್ನೂ ಕಾಣುತ್ತದೆ: 'ಸ್ಲೋನ್ ಥರ?'

"ನೋಡಿದ್ರಾ?" ಲೈಲ್ ಧ್ವನಿ ಸಣ್ಣದಾಗಿದೆ. "ನನಗೆ ಗೊತ್ತಾಗಿತ್ತು. ಎದ್ದ ತಕ್ಷಣ ಹಿಂದಕ್ಕೆ ತಿರುಗಿ ನೋಡಿದ್ದ. ರೆಂಪೆ ಯಾವತ್ತೂ ಹಿಂದೆ ನೋಡಿದವನಲ್ಲ. ನಡಿಗೆ ನೋಡಿ ಗುರುತು ಹಿಡಿದಿದ್ದೆ. ಆಮೇಲೆ ಬೆನ್ನ ಮೇಲಿನ ನಂಬರ್ ನೋಡಿ, ನಂದೇ ತಪ್ಪು ಅಂತ ಉಜ್ಜಿಬಿಟ್ಟೆ. ಎಷ್ಟೋ ವರ್ಷದಿಂದ ಇದೊಂದೇ ಬರ್ತಿದ್ದದ್ದು ನನಗೆ. ಅದನ್ನೇ ನಂಬ್ಲಿಲ್ಲ."

ಬುಧವಾರ ಅವರು ಅಟ್ಟ ಏರುತ್ತಾರೆ, ಇಳಿಯುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರ ಕರಾರು ಜೂನ್‌ಗೆ ಮುಗಿಯುತ್ತದೆ. ಕಂಪ್ಯೂಟರ್‌ನಿಂದಲೇ ಅಂಕ ಹಾಕಿಕೊಡುವ ಕಂಪನಿಯೊಂದರ ಜೊತೆ ಕೋಚ್ ಪ್ರುಯಿಟ್ ಮಾತುಕತೆ ನಡೆಸಿದ್ದಾರೆ. ಲೈಲ್ ಕಡೆಯಿಂದ ವಾದಿಸಲು ಇರುವುದು ಒಂದೇ ಮಾತು: ಈ ಪುಸ್ತಕಗಳಲ್ಲಿ ತಪ್ಪಿಲ್ಲ. ಅದನ್ನೂ ತಾವೇ ಹೋಗಿ ಅಳಿಸಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸ್ಲೋನ್ ತನ್ನ ಚೀಲ ಹೊತ್ತು ಬಸ್ಸು ಹತ್ತುತ್ತಾನೆ, ತಾನು ಎಲ್ಲಿ ಎಡವಿದೆ ಎಂದು ಜನ್ಮವಿಡೀ ಯೋಚಿಸುತ್ತಾನೆ, ಅಷ್ಟೇ.

ಮಾರ್ಲಿಸ್ ಅವತ್ತು ಬನ್ನನ್ನು ಕುಕ್ಕಲಿಲ್ಲ, ಮೆಲ್ಲಗೆ ಇಟ್ಟರು.

"ಬಾಯಿಗೆ ಬೀಗ ಹಾಕ್ಕೊಂಡಿರು ಅಂತ ಹೇಳೋಕೆ ನನಗೂ ಮನಸ್ಸಾಗುತ್ತೆ ಲೈಲ್. ಪೆಟ್ಟಿಗೆ ಮರೆತವಳು ನಾನು, ನನ್ನ ಹೆಸರೂ ಬರುತ್ತೆ. ಜೂನ್‌ಗೆ ನಿನ್ನನ್ನ ಕಳಿಸಿಬಿಟ್ರೆ ಬೆಳಿಗ್ಗೆ ಎದ್ದು ನಾನು ಯಾರಿಗೆ ಬೈಯ್ಲಿ?"

"ಹಂಗಾದ್ರೆ ಹೇಳ್ಬೇಡ ಅಂತೀಯಾ?"

"ನಾನೆಲ್ಲಿ ಹಂಗಂದೆ?" ಎಂದು ಮಾರ್ಲಿಸ್ ರೇಗುತ್ತಾರೆ. "ಮನಸ್ಸಾಗುತ್ತೆ ಅಂದೆ. ಆ ಹುಡುಗ ಏನು ಮಾಡ್ದ ಗೊತ್ತಾ ಅವತ್ತು? ಮೂಗಿಗೆ ಹತ್ತಿ ತುರುಕ್ಕೊಂಡು, 'ಅಮ್ಮಾ, ನಿಮ್ಮ ಅಂಗಿ ಹಾಳಾಯ್ತು, ಕ್ಷಮಿಸಿ' ಅಂದ. ನನ್ನ ಅಂಗಿ! ಹೋಗು, ಹೇಳ್ಹೋಗು. ನಂದೂ ಸೇರಿಸಿ ಹೇಳು."

ಗುರುವಾರ ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ಲೈಲ್ ನೆಲಮಾಳಿಗೆಗೆ ಇಳಿಯುವುದಿಲ್ಲ, ಮೆಟ್ಟಿಲು ಹತ್ತುತ್ತಾರೆ. ಬಗಲಲ್ಲಿ ಹಳದಿ ಪುಸ್ತಕ, ತಲೆಯ ಮೇಲೆ ಇನ್ನೂ ಟೋಪಿ. ಯಾವತ್ತೂ ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿ ಓಡಿಬರುತ್ತಿದ್ದ ಕೋಣೆಯ ಬಾಗಿಲನ್ನು ಇವತ್ತು ಬಡಿಯುತ್ತಾರೆ. ಕೋಚ್ ಪ್ರುಯಿಟ್‌ಗೆ ನಲವತ್ತು ದಾಟಿಲ್ಲ. ಸಿಟ್ಟಿನವರಲ್ಲ, ಸಮಯವಿಲ್ಲದವರು.

"ಹೇಳಿ, ಲಾಯ್ಡ್."

"ಲೈಲ್, ಕೋಚ್."

"ಹಾಂ, ಲೈಲ್. ಹೇಳಿ."

ಲೈಲ್ ನಿಂತುಕೊಂಡೇ ಎಲ್ಲವನ್ನೂ ಹೇಳುತ್ತಾರೆ. ಮೂಗಿನ ರಕ್ತ, ಮರೆತ ಪೆಟ್ಟಿಗೆ, ಬದಲಾದ ಜರ್ಸಿ, ಉಜ್ಜಿದ ಸಾಲು. ರೆಂಪೆಯ ಮೂವತ್ತೊಂದು ಸುತ್ತೂ ಸ್ಲೋನ್‌ದು. ಕಾಣೆಯಾಗುತ್ತಾನೆ ಎಂದು ಬರೆದದ್ದು ಸುಳ್ಳು. ಕೋಚ್ ಕುರ್ಚಿಗೆ ಒರಗುತ್ತಾರೆ.

"ನಾಳೆ ಒಂಬತ್ತು ಗಂಟೆಗೆ ಆ ಹುಡುಗನ್ನ ಕರೆದಿದೀನಿ, ಮನೆಗೆ ಕಳಿಸೋಕೆ. ಗೊತ್ತಾ?"

"ಗೊತ್ತು, ಕೋಚ್. ಅದಕ್ಕೇ ಬಂದೆ."

"ಇದು ತಪ್ಪಾಗಿದೆ ಅಂದ್ರೆ, ಉಳಿದದ್ದೆಲ್ಲ ಸರಿ ಇದೆ ಅಂತ ನಾನು ಹೆಂಗೆ ನಂಬ್ಲಿ?"

ಇಡೀ ಬುಧವಾರ ಲೈಲ್ ತಮಗೆ ತಾವೇ ಕೇಳಿಕೊಂಡದ್ದು ಇದೇ ಪ್ರಶ್ನೆ.

"ನಂಬ್ಬೇಡಿ" ಎನ್ನುತ್ತಾರೆ. "ಕೆಳಗೆ ಬನ್ನಿ. ನೀವೇ ನೋಡಿ."

ಕೋಚ್ ಗಡಿಯಾರ ನೋಡುತ್ತಾರೆ, ಪುಸ್ತಕ ನೋಡುತ್ತಾರೆ, ಟೋಪಿ ಹಾಕಿಕೊಂಡು ನಿಂತ ಮುದುಕನನ್ನು ನೋಡುತ್ತಾರೆ. ಎದ್ದು ಬರುತ್ತಾರೆ.

ನೆಲಮಾಳಿಗೆಯಲ್ಲಿ ಅವಸರ ಶುರುವಾಗುತ್ತದೆ. ಲೈಲ್ ಎರಡನೇ ಕುರ್ಚಿಯ ಮೇಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೆಲಕ್ಕಿಳಿಸುತ್ತಾರೆ. ಒಂದು ಪೆಟ್ಟಿಗೆಯ ತಳ ಕಿತ್ತು ಹಳೇ ಟೇಪುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. "ಇರ್ಲಿ ಬಿಡಿ, ಇರ್ಲಿ ಬಿಡಿ" ಎಂದು ಕೋಚ್ ಕಾಲಿನಿಂದ ಸರಿಸುತ್ತಾರೆ. ಕುರ್ಚಿಯ ಗಾದಿಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇದೆ. ಕೋಚ್ ಕೂತಾಗ ಅದು ಚರಚರ ಸದ್ದು ಮಾಡುತ್ತದೆ.

"ನಂಬರ್ ನೋಡ್ಬೇಡಿ, ಕೋಚ್. ನಂಬರ್ ನೋಡಿಯೇ ನಾನು ಕೆಟ್ಟೆ. ಮೊದಲು ಇದು, ಮೊದಲಾರ್ಧ, ರೆಂಪೆಯ ಕಾಲು ಉಳುಕೋ ಮುಂಚೆ. ನೋಡಿ, ಬಿದ್ದ, ಎದ್ದ, ಎಲ್ಲಿ ನೋಡ್ತಿದ್ದಾನೆ?"

"ಬೆಂಚಿನ ಕಡೆ."

"ಈಗ ದ್ವಿತೀಯಾರ್ಧ. ಇವನೂ ಮೂವತ್ತನಾಲ್ಕೇ. ನೋಡಿ. ಅಡ್ಡ ಹೋದ, ಬಿದ್ದ, ಎದ್ದ..."

ಪರದೆಯ ಮೇಲೆ ಮೂವತ್ತನಾಲ್ಕನೇ ನಂಬರಿನ ಹುಡುಗ ಮಂಡಿಯೂರಿ ಎದ್ದು, ಹಿಂದಕ್ಕೆ ತಿರುಗಿ, ಕ್ವಾರ್ಟರ್‌ಬ್ಯಾಕ್ ನಿಂತಿರುವುದನ್ನು ನೋಡಿ, ಒಮ್ಮೆ ತಲೆಯಾಡಿಸುತ್ತಾನೆ. ಮುಂದಿನ ಸುತ್ತಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ. ಹತ್ತು ಸುತ್ತಾದ ಮೇಲೆ ಕೋಚ್ ಮುಂದಕ್ಕೆ ಬಾಗುತ್ತಾರೆ. ಇಪ್ಪತ್ತಾದಾಗ, "ಅದನ್ನ ಇನ್ನೊಂದ್ಸಲ ಹಾಕಿ" ಎನ್ನುತ್ತಾರೆ. ತನಗಿಂತ ಒಂದೂವರೆ ಪಟ್ಟು ತೂಕದವನನ್ನು ಆ ಹುಡುಗ ಎದೆಯ ಮೇಲೆ ತೆಗೆದುಕೊಂಡು ಹಿಂದಕ್ಕೆ ಬಿದ್ದು, ಬಿದ್ದಲ್ಲಿಂದಲೇ ಕತ್ತು ಹೊರಳಿಸಿ ಕ್ವಾರ್ಟರ್‌ಬ್ಯಾಕ್‌ನನ್ನು ಹುಡುಕುತ್ತಿದ್ದಾನೆ.

"ಮೂಗು ಒಡೆದಿತ್ತು ಅಂದ್ರಿ?"

"ಮಾರ್ಲಿಸ್ ಹೇಳಿದ್ದು. ಹತ್ತಿ ತುರುಕ್ಕೊಂಡಿದ್ದನಂತೆ."

ಮೂವತ್ತೊಂದೂ ಮುಗಿಯುತ್ತವೆ. ಕೋಚ್ ಹಳದಿ ಪುಸ್ತಕವನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ, "ಈಗ ನಿಮ್ಮ ಪುಟ ಹೆಂಗಿರುತ್ತೆ?"

ಲೈಲ್ ಯೋಚಿಸುವುದಿಲ್ಲ. "ಸ್ಲೋನ್ ಮೊದಲು. ಎಸೆತದ ಆಟಕ್ಕೆ ಅವನನ್ನ ಬಿಟ್ಟು ಯಾರನ್ನೂ ನಿಲ್ಲಿಸ್ಬೇಡಿ. ಎರಡು ಗಜ ಬೇಕಾದಾಗ ರೆಂಪೆ. ಅವನಿಗೂ ಅನ್ಯಾಯ ಆಗ್ಬಾರ್ದು, ಆ ಅಂಕ ಅವನು ಕೇಳಿ ಪಡೆದದ್ದಲ್ಲ. ಸಲಾಸ್‌ಗೆ ಬೇಸಿಗೆ ಪೂರ್ತಿ ಒದ್ದೆ ಚೆಂಡು ಕೊಟ್ಟು ಓಡಿಸಿ. ಮೂವರೂ ಬೇಕು, ಕೋಚ್. ಇಬ್ಬರಲ್ಲಿ ಆಗಲ್ಲ."

"ನೀವು ಮೂವರನ್ನ ಕೇಳ್ತೀರಿ, ಕಾಲೇಜು ಇಬ್ಬರನ್ನೇ ಕೊಡುತ್ತೆ" ಎಂದು ಗೊಣಗುತ್ತ ಕೋಚ್ ಏಳುತ್ತಾರೆ. ಬಾಗಿಲಲ್ಲಿ ನಿಂತು ಹಿಂದಿರುಗುತ್ತಾರೆ. "ಆ ಕಂಪನಿ ಆಗಸ್ಟ್‌ನಲ್ಲಿ ಬರುತ್ತೆ, ಲೈಲ್. ಅದು ಮಾತಾಗಿಹೋಗಿದೆ, ಈಗ ಬದಲಾಯಿಸೋಕಾಗಲ್ಲ. ಅಂಕ ಅವರು ಹಾಕ್ತಾರೆ. ಅಟ್ಟದ ಮೇಲೆ ನೀವೇ ಇರ್ತೀರಿ. ಅಷ್ಟು ನಾನು ನೋಡ್ಕೋತೀನಿ."

"ಸರಿ, ಕೋಚ್."

"ನೀವು ಬಂದು ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ನನಗೆ ಗೊತ್ತಾಗಿರ್ತಿತ್ತಲ್ಲ" ಎನ್ನುತ್ತಾರೆ ಲೈಲ್.

ಶುಕ್ರವಾರ ಒಂಬತ್ತು ಗಂಟೆಗೆ ಸ್ಲೋನ್ ಕೋಚ್ ಕೋಣೆಗೆ ಹೋಗುತ್ತಾನೆ, ಒಂಬತ್ತೂ ಹತ್ತಕ್ಕೆ ಹೊರಬರುತ್ತಾನೆ. ನೆಲಮಾಳಿಗೆಯ ಮೆಟ್ಟಿಲ ತುದಿಯಲ್ಲಿ ನಿಂತು ಮನೆಗೆ ಫೋನು ಮಾಡುವುದು ಕೆಳಗಿನವರೆಗೂ ಕೇಳಿಸುತ್ತದೆ. "ಅಮ್ಮಾ, ಉಳಿಸ್ಕೊಂಡ್ರು... ಇಲ್ಲಮ್ಮಾ, ಯಾಕೋ ಗೊತ್ತಿಲ್ಲ. ವಾಲ್‌ಬರ್ಗ್ ಆಟ ನೋಡಿದ್ರಂತೆ... ಯಾರು ತೋರಿಸಿದ್ರೋ ಏನೋ... ಅಳಬೇಡಮ್ಮಾ, ಯಾಕೆ ಅಳ್ತೀಯಾ?" ಲೈಲ್ ಪರದೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ. ಮಾತು ಮುಗಿದು ಹೆಜ್ಜೆ ಸದ್ದು ದೂರವಾದ ಮೇಲೆ ಮತ್ತೆ ಗುಂಡಿ ಒತ್ತುತ್ತಾರೆ.

ಮೂವರೂ ಉಳಿದಿದ್ದಾರೆ. ಮೂರನೆಯವನ ಜಾಗವನ್ನು ಕೋಚ್ ಎಲ್ಲಿಂದ ಹುಟ್ಟಿಸಿದರೋ ಅವರಿಗೇ ಗೊತ್ತು. ಕೋಡಿ ರೆಂಪೆಯನ್ನೂ ಕರೆದು ವಿಷಯ ಹೇಳಿದರಂತೆ. "ಅದು ಎಮೆಟ್ ಅಂತ ನಮಗೆಲ್ಲ ಗೊತ್ತಿತ್ತಲ್ಲ ಕೋಚ್, ನಿಮಗೆ ಗೊತ್ತಿರ್ಲಿಲ್ವಾ?" ಎಂದು ಅವನು ಬೆರಗಾದನಂತೆ. ತೊಂಬತ್ತು ಹುಡುಗರಿಗೆ ಗೊತ್ತಿದ್ದ ಸಂಗತಿ, ಒಬ್ಬನೇ ಒಬ್ಬ ಮೆಟ್ಟಿಲಿಳಿದು ಬಂದು ಮಾತಾಡಿಸಿದ್ದರೆ ಲೈಲ್‌ಗೂ ಗೊತ್ತಾಗುತ್ತಿತ್ತು. ಈ ಮಾತನ್ನು ಅವರು ದೂರಿನಂತೆ ಹೇಳುವುದಿಲ್ಲ.

ಶುಕ್ರವಾರ ಕಾಲೇಜಿನ ಊಟದ ಮನೆಯಲ್ಲಿ ಖಾರದ ಹುರುಳಿ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ಸುರುಳಿ ಬನ್ನು. ಮಾರ್ಲಿಸ್ ಎರಡು ತಟ್ಟೆ ಹಿಡಿದು ಒಳಗೆ ಬಂದವರು ನೆಲದ ಮೇಲಿನ ಪೆಟ್ಟಿಗೆಗಳಿಗೆ ಎಡವಿ, ಯಾರನ್ನೋ ಶಪಿಸಿ, ಒಂದನ್ನು ಮೇಜಿನ ಮೇಲಿಡುತ್ತಾರೆ.

"ಇವನ್ನೆಲ್ಲ ಎತ್ತಿ ಆ ಕುರ್ಚಿ ಮೇಲೆ ಹಾಕೋಕೇನು ರೋಗ ನಿನಗೆ? ಕಾಲು ಮುರೀತಿತ್ತು!"

"ಬೇಡ, ಅಲ್ಲೇ ಇರ್ಲಿ."

ಹೊರಗೆ ಬಟ್ಟೆ ಒಗೆಯುವ ಯಂತ್ರದ ಗಂಟೆ ಬಡಿಯುತ್ತದೆ. ಮಾರ್ಲಿಸ್ ಇನ್ನೊಂದು ತಟ್ಟೆ ಹಿಡಿದೇ ಅತ್ತ ಓಡುತ್ತಾರೆ. ಕೋಣೆಯಲ್ಲಿ ಮತ್ತೆ ಪರದೆಯ ಬೆಳಕು, ಪೆನ್ಸಿಲಿನ ಸದ್ದು. ಆಗಸ್ಟ್‌ನಿಂದ ಈ ಹಳದಿ ಪುಸ್ತಕ ಯಾರಿಗೂ ಬೇಕಿಲ್ಲ. ಆದರೂ ಲೈಲ್ ನಾಳಿನ ಪ್ರದರ್ಶನ ಪಂದ್ಯಕ್ಕೆ ಹೊಸ ಹಾಳೆ ತೆಗೆದು ಗೆರೆ ಎಳೆಯುತ್ತಿದ್ದಾರೆ: ಐದು, ಇಪ್ಪತ್ತೆರಡು, ಮೂವತ್ತನಾಲ್ಕು. ಈ ಸಲ ನಂಬರುಗಳ ಪಕ್ಕದಲ್ಲಿ ಹೆಸರನ್ನೂ ಬರೆಯುತ್ತಾರೆ.

ಆ ಆಟ ತೋರಿಸಿದ್ದು ನೀವೇ ಎಂದು ಹುಡುಗನಿಗೆ ಹೇಳುವುದಿಲ್ಲವೇ ಎಂದು ಕೇಳಿದರೆ ತಲೆಯಲ್ಲಾಡಿಸುತ್ತಾರೆ. "ಏನಂತ ಹೇಳ್ಲಿ? ನಿನಗೆ ಅನ್ಯಾಯ ಮಾಡಿದ್ದೂ ನಾನೇ ಅಂತಲೂ ಹೇಳ್ಬೇಕಾಗುತ್ತಲ್ಲ." ಇಷ್ಟು ವರ್ಷದ ಮೇಲೆ ಏನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ಮಾತ್ರ ಅವರು ಪೆನ್ಸಿಲು ಕೆಳಗಿಡುತ್ತಾರೆ. ಪಕ್ಕದ ಖಾಲಿ ಕುರ್ಚಿಯ ಗಾದಿಯಿಂದ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಸುಲಿದು, ಮಡಚಿ, ಕಸದ ಬುಟ್ಟಿಗೆ ಹಾಕುತ್ತಾರೆ.

"ನಿನ್ನೆ ಕೋಚ್ ಇಲ್ಲಿ ಕೂತಿದ್ರಲ್ಲ, ಒಂದು ಗಂಟೆ. ನನ್ನ ಪಕ್ಕದಲ್ಲಿ ಕೂತು, ನಾನು ನೋಡೋದನ್ನೇ ನೋಡಿದ್ರು. ಚೆನ್ನಾಗಿತ್ತು" ಎನ್ನುತ್ತಾರೆ. "ನಾನು ಏನೂ ತಪ್ಪು ಮಾಡ್ದೇ ಇದ್ದಾಗಲೂ ಯಾರಾದ್ರೂ ಒಂದ್ಸಲ ಬಂದು ಕೂತ್ರೆ ಸಾಕು."